ಅರ್ಧ ಶತಮಾನ ಕಾದ ಸೂತ್ರ

ಕ್ವಾಂಟಂ ಬಲವಿಜ್ಞಾನದಲ್ಲಿ ಪೂರ್ತಿಯಾಗಿ ಬಿಡಿಸಲು ಬರುವ ಲೆಕ್ಕಗಳು ಬೆರಳೆಣಿಕೆಯಷ್ಟು. ಹೈಡ್ರೋಜನ್ ಪರಮಾಣು ಒಂದು, ಸ್ಪ್ರಿಂಗಿಗೆ ಕಟ್ಟಿದ ಕಣ ಒಂದು, ಗೋಡೆಗಳ ನಡುವೆ ಸಿಕ್ಕಿಬಿದ್ದ ಕಣ ಇನ್ನೊಂದು. ಹೀಲಿಯಂ ಪರಮಾಣುವಿಗೆ ಬರುವಷ್ಟರಲ್ಲಿ ಅಂದಾಜಿನ ದಾರಿ ಹಿಡಿಯಬೇಕಾಗುತ್ತದೆ. ಈ ಪುಟ್ಟ ಪಟ್ಟಿಯಲ್ಲಿ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಲೆಕ್ಕವಿದೆ: ಚಪ್ಪಟೆ ಸಮತಲವೊಂದರಲ್ಲಿ ಓಡಾಡುವ ಎಲೆಕ್ಟ್ರಾನು, ಆ ಸಮತಲಕ್ಕೆ ಲಂಬವಾಗಿ ಎಲ್ಲೆಡೆ ಒಂದೇ ಸಮನಾದ ಕಾಂತಕ್ಷೇತ್ರ. ಎಂ.ಎಸ್ಸಿ. ವಿದ್ಯಾರ್ಥಿಗಳು ಇದನ್ನು ಒಂದು ಪುಟದಲ್ಲಿ ಬಿಡಿಸಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. 1928 ಮತ್ತು 1930ರ ನಡುವೆ ನಾಲ್ಕೈದು ಮಂದಿ ಬೇರೆಬೇರೆಯಾಗಿ ಇದನ್ನು ಬಿಡಿಸಿದರು. ಎಲೆಕ್ಟ್ರಾನುಗಳ ಅಂಥ ಚಪ್ಪಟೆ ಪದರವನ್ನು ಆಗ ಯಾರೂ ಕಂಡಿರಲಿಲ್ಲ. ಮೂರೂವರೆ ದಶಕ ಕಳೆದ ಮೇಲೆ ಅದು ಕೈಗೆ ಸಿಕ್ಕಿತು, ಅದರ ಪೂರ್ತಿ ಬೆಲೆ ತಿಳಿಯಲು ಅರ್ಧ ಶತಮಾನವೇ ಬೇಕಾಯಿತು. ಇಂದು ಜಗತ್ತು ವಿದ್ಯುತ್ ರೋಧವನ್ನು ಅಳೆಯುವ ಮಾನದಂಡ ನಿಂತಿರುವುದೇ ಅದರ ಮೇಲೆ.

ಕಥೆಯ ಬೇರು 1911ರ ಕೋಪನ್‌ಹೇಗನ್‌ನಲ್ಲಿದೆ. ಇಪ್ಪತ್ತೈದರ ಹರೆಯದ ನೀಲ್ಸ್ ಬೋರ್ ಲೋಹಗಳ ಎಲೆಕ್ಟ್ರಾನ್ ಸಿದ್ಧಾಂತದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದಿದ್ದರು. ಅದರೊಳಗೆ ಒಂದು ಮುಜುಗರದ ಫಲಿತಾಂಶ ಅಡಗಿತ್ತು. ಲೋಹದೊಳಗೆ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ವೃತ್ತಾಕಾರವಾಗಿ ಸುತ್ತುತ್ತವೆ. ಪ್ರತಿಯೊಂದು ವೃತ್ತವೂ ಒಂದು ಪುಟ್ಟ ವಿರುದ್ಧ ಕಾಂತದಂತೆ ವರ್ತಿಸಬೇಕು. ಹಾಗಿದ್ದರೆ ಲೋಹಕ್ಕೆ ಕಾಂತಕ್ಷೇತ್ರವನ್ನು ಹಿಂದಕ್ಕೆ ತಳ್ಳುವ ಗುಣ, ಎಂದರೆ ಪ್ರತಿಕಾಂತತೆ, ಬರಬೇಕಲ್ಲವೇ? ನ್ಯೂಟನ್‌ ಕಾಲದ ಹಳೆಯ ಬಲವಿಜ್ಞಾನದ ಪ್ರಕಾರ ಬರುವುದಿಲ್ಲ ಎಂದು ಬೋರ್ ತೋರಿಸಿದರು. ಗೋಡೆಯ ಬಳಿ ಇರುವ ಎಲೆಕ್ಟ್ರಾನುಗಳಿಗೆ ಪೂರ್ತಿ ವೃತ್ತ ಮುಗಿಸಲು ಜಾಗವಿಲ್ಲ. ಅವು ಗೋಡೆಗೆ ಬಡಿದು, ಅರ್ಧ ಸುತ್ತಿ, ಮತ್ತೆ ಬಡಿದು, ಗೋಡೆಯ ಉದ್ದಕ್ಕೂ ಪುಟಿಯುತ್ತ ಸಾಗುತ್ತವೆ. ಒಳಗಿನ ವೃತ್ತಗಳಿಗೆ ವಿರುದ್ಧ ದಿಕ್ಕಿನಲ್ಲಿ ನಡೆಯುವ ಈ ಅಂಚಿನ ಪ್ರವಾಹ ಒಳಗಿನದನ್ನೆಲ್ಲ ಸೊನ್ನೆ ಮಾಡಿಬಿಡುತ್ತದೆ. 1919ರಲ್ಲಿ ಲೈಡನ್‌ನ ಹೆಂಡ್ರಿಕಾ ವಾನ್ ಲ್ಯೂವೆನ್ ತಮ್ಮ ಪ್ರಬಂಧದಲ್ಲಿ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದರು. ಹಳೆಯ ಬಲವಿಜ್ಞಾನದಲ್ಲಿ ಕಾಂತತೆಗೆ ಜಾಗವೇ ಇಲ್ಲ! ಅಂಚಿನಲ್ಲಿ ಪುಟಿಯುವ ಆ ಎಲೆಕ್ಟ್ರಾನುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಎಪ್ಪತ್ತು ವರ್ಷಗಳ ನಂತರ ಅವೇ ಮುಖ್ಯ ಪಾತ್ರ ವಹಿಸುತ್ತವೆ.

1925–26ರಲ್ಲಿ ಹೊಸ ಬಲವಿಜ್ಞಾನ ಬಂದ ಕೂಡಲೇ ತರುಣರೆಲ್ಲ ಹಳೆಯ ಲೆಕ್ಕಗಳನ್ನು ಹೊಸ ಸಮೀಕರಣಕ್ಕೆ ಹಾಕಿ ನೋಡತೊಡಗಿದರು. ಮೊದಲನೆಯ ಮಹಾಯುದ್ಧದಿಂದಾಗಿ ಕಿವಿ ಮಂದವಾಗಿದ್ದ ಲೆನಿನ್‌ಗ್ರಾಡಿನ ವ್ಲಾದಿಮಿರ್ ಫೋಕ್ 1928ರಲ್ಲಿ ಜರ್ಮನಿಯ ಪ್ರಸಿದ್ಧ ಭೌತಶಾಸ್ತ್ರ ಪತ್ರಿಕೆಯಲ್ಲಿ ಒಂದು ಕಿರುಲೇಖನ ಪ್ರಕಟಿಸಿದರು. ಸಮತಲದಲ್ಲಿ ಸ್ಪ್ರಿಂಗಿಗೆ ಕಟ್ಟಿದಂತಿರುವ ಎಲೆಕ್ಟ್ರಾನಿನ ಮೇಲೆ ಕಾಂತಕ್ಷೇತ್ರ ಬಿದ್ದರೆ ಅದರ ಶಕ್ತಿಮಟ್ಟಗಳು ಹೇಗಿರುತ್ತವೆ ಎಂಬುದಕ್ಕೆ ಅದರಲ್ಲಿ ನಿಖರ ಉತ್ತರವಿತ್ತು, ಒಂದಿಷ್ಟೂ ಅಂದಾಜಿಲ್ಲದೆ. ಅದೇ ವರ್ಷ, ಯುರೋಪಿನ ವಿಶ್ವವಿದ್ಯಾಲಯಗಳನ್ನು ಸುತ್ತುತ್ತಿದ್ದ ಅಮೆರಿಕದ ಇಸಿಡರ್ ರಾಬಿ ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಿದರು. ಪಾಲ್ ಡಿರಾಕ್ ಆಗಷ್ಟೇ ಕೊಟ್ಟಿದ್ದ, ಸಾಪೇಕ್ಷತೆಯನ್ನೂ ಒಳಗೊಂಡ ಸಮೀಕರಣಕ್ಕೆ ಅವರು ಕಾಂತಕ್ಷೇತ್ರವನ್ನು ಸೇರಿಸಿ ಬಿಡಿಸಿದರು. ಎರಡೂ ಅಚ್ಚುಕಟ್ಟಾದ ಕೆಲಸ. ಎರಡನ್ನೂ ಓದಿದವರು ತಲೆದೂಗಿ ಸುಮ್ಮನಾದರು.

1930ರಲ್ಲಿ ಲೆವ್ ಲಾಂಡೌ ಬಂದರು. ಇಪ್ಪತ್ತೆರಡರ ಪ್ರಾಯ. ಸೋವಿಯತ್ ದೇಶದಿಂದ ಹೊರಬಂದು ಗಾಟಿಂಗೆನ್, ಕೋಪನ್‌ಹೇಗನ್, ಕೇಂಬ್ರಿಡ್ಜ್ ಎಂದು ಸುತ್ತುತ್ತಿದ್ದ ಕಾಲ. ಕೇಂಬ್ರಿಡ್ಜ್‌ನಲ್ಲಿ ಪ್ಯೋತರ್ ಕಪಿಟ್ಸಾ ಆಗ ಕಣ್ಣುಮಿಟುಕಿಸುವಷ್ಟು ಹೊತ್ತು ಮಾತ್ರ ನಿಲ್ಲುವ, ಸುಮಾರು 30 ಟೆಸ್ಲಾದಷ್ಟು ಪ್ರಬಲವಾದ ಕಾಂತಕ್ಷೇತ್ರಗಳನ್ನು ಹುಟ್ಟಿಸುತ್ತಿದ್ದರು. ಅಲ್ಲಿನ ಮಾತುಕತೆಯಿಂದ ಹುಟ್ಟಿದ್ದು ಲೋಹಗಳ ಪ್ರತಿಕಾಂತತೆಯ ಬಗ್ಗೆ ಲಾಂಡೌ ಬರೆದ ಲೇಖನ. ಸಮೀಕರಣವನ್ನು ಬರೆಯುವ ರೀತಿಯಲ್ಲೇ ಅವರ ಜಾಣ್ಮೆಯಿತ್ತು. ಕಾಂತಕ್ಷೇತ್ರವನ್ನು ಸೂಕ್ತವಾಗಿ ಬರೆದುಕೊಂಡರೆ ಸಮತಲದ ಎಲೆಕ್ಟ್ರಾನಿನ ಲೆಕ್ಕ ಒಂದು ಆಯಾಮದ ಆಂದೋಲಕದ ಲೆಕ್ಕವಾಗಿ ಕರಗುತ್ತದೆ. ಆ ಆಂದೋಲಕದ ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಸಮತಲದಲ್ಲಿ ಎಲೆಕ್ಟ್ರಾನಿನ ಶಕ್ತಿ ತನಗೆ ಬೇಕಾದಷ್ಟು ಇರಲಾರದು. ಸಮಾನ ಅಂತರದ ಮೆಟ್ಟಿಲುಗಳ ಮೇಲೆ ಮಾತ್ರ ಅದು ನಿಲ್ಲಬಹುದು.

ಮೆಟ್ಟಿಲುಗಳಿಗಿಂತ ಮುಖ್ಯವಾದದ್ದು ಒಂದೊಂದು ಮೆಟ್ಟಿಲಿನ ಮೇಲಿರುವ ಜಾಗ. ಮದುವೆಮನೆಯ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಒಂದು ಪಂಕ್ತಿಗೆ ಇಷ್ಟೇ ಎಲೆ. ಅದು ತುಂಬಿದ ಮೇಲೆ ಬಂದವರು ಮುಂದಿನ ಪಂಕ್ತಿಗೆ ಕಾಯಬೇಕು, ನಡುವೆ ಎಲ್ಲೂ ಕೂರುವಂತಿಲ್ಲ. ಇಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ ಎಂಬುದನ್ನು ನಿರ್ಧರಿಸುವುದು ಕಾಂತಕ್ಷೇತ್ರ. ಕ್ಷೇತ್ರ ಹೆಚ್ಚಿದಷ್ಟೂ ಎಲೆಗಳು ಹೆಚ್ಚು. 10 ಟೆಸ್ಲಾ ಕ್ಷೇತ್ರದಲ್ಲಿ ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಒಂದು ಪಂಕ್ತಿಗೆ ಸುಮಾರು 240 ಕೋಟಿ ಎಲೆಕ್ಟ್ರಾನುಗಳು ಹಿಡಿಯುತ್ತವೆ. ಈ ಸಂಖ್ಯೆಗೆ ಲೋಹ ಯಾವುದು, ಎಲೆಕ್ಟ್ರಾನಿನ ತೂಕವೆಷ್ಟು ಎಂಬುದರ ಹಂಗಿಲ್ಲ. ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ಆವೇಶ, ಇವೆರಡು ಸಾಕು. ಇದೇ ಮುಂದೆ ಎಲ್ಲವನ್ನೂ ತಿರುಗಿಸಿದ ಸಂಗತಿ.

ಲಾಂಡೌಗೆ ಆಗ ಬೇಕಿದ್ದದ್ದು ಬೋರ್ ಎತ್ತಿದ್ದ ಪ್ರಶ್ನೆಗೆ ಉತ್ತರ. ಅದು ಸಿಕ್ಕಿತು. ಕ್ವಾಂಟಂ ಲೆಕ್ಕದಲ್ಲಿ ಅಂಚಿನ ಪ್ರವಾಹ ಒಳಗಿನದನ್ನು ಪೂರ್ತಿ ಅಳಿಸಲಾರದು. ಉಳಿಯುವ ಪ್ರತಿಕಾಂತತೆ, ವುಲ್ಫ್‌ಗಾಂಗ್ ಪೌಲಿ 1927ರಲ್ಲಿ ಕಂಡುಹಿಡಿದಿದ್ದ ಅನುಕಾಂತತೆಯ, ಎಂದರೆ ಲೋಹವನ್ನು ಕ್ಷೇತ್ರದತ್ತ ಸೆಳೆಯುವ ಗುಣದ, ಸರಿಯಾಗಿ ಮೂರನೆಯ ಒಂದು ಪಾಲು. ಅದೇ 1930ರಲ್ಲಿ ಲೆನಿನ್‌ಗ್ರಾಡಿನ ಯಾಕೊವ್ ಫ್ರೆಂಕೆಲ್ ಮತ್ತು ಮತ್ವೇಯ್ ಬ್ರಾನ್‌ಸ್ಟೈನ್, ಬ್ರಿಟನ್ನಿನಲ್ಲಿ ಚಾರ್ಲ್ಸ್ ಗಾಲ್ಟನ್ ಡಾರ್ವಿನ್ (ವಿಕಾಸವಾದದ ಡಾರ್ವಿನ್ನರ ಮೊಮ್ಮಗ) ಇದೇ ಲೆಕ್ಕವನ್ನು ತಮ್ಮ ತಮ್ಮ ದಾರಿಯಲ್ಲಿ ಮಾಡಿದರು. ಹೆಸರು ಯಾರಿಗೆ ಸಲ್ಲಬೇಕು ಎಂಬ ಚರ್ಚೆ ಇತಿಹಾಸಕಾರರಲ್ಲಿ ಇದೆ. ಇಂದಿನ ವಾಡಿಕೆಯಲ್ಲಿ ಸ್ಪ್ರಿಂಗ್ ಇದ್ದರೆ ಫೋಕ್–ಡಾರ್ವಿನ್ ಮಟ್ಟಗಳು, ಇಲ್ಲದಿದ್ದರೆ ಲಾಂಡೌ ಮಟ್ಟಗಳು. ಕಾಲಕ್ರಮದಲ್ಲಿ ಫೋಕ್ ಮೊದಲಿಗರು, ಅವರ ಸೂತ್ರದಲ್ಲಿ ಸ್ಪ್ರಿಂಗನ್ನು ತೆಗೆದರೆ ಲಾಂಡೌ ಉತ್ತರವೇ ಬರುತ್ತದೆ. ಆದರೆ ನನ್ನ ಮಟ್ಟಿಗೆ ಹೆಸರು ಅನ್ಯಾಯವಾಗಿ ಹೋಗಿಲ್ಲ. ಫೋಕ್ ಕೇಳಿದ್ದು ಒಂದು ಕಣದ ಪ್ರಶ್ನೆ. ಲಾಂಡೌ ಕೇಳಿದ್ದು ಕೋಟಿ ಕೋಟಿ ಎಲೆಕ್ಟ್ರಾನುಗಳಿರುವ ಲೋಹದ ತುಂಡಿನ ಪ್ರಶ್ನೆ. ಪಂಕ್ತಿಯಲ್ಲಿ ಎಷ್ಟು ಎಲೆ ಎಂದು ಎಣಿಸುವ ಅಗತ್ಯ ಬಿದ್ದದ್ದು ಅವರಿಗೆ.

ಅದೇ ಲೇಖನದಲ್ಲಿ ಲಾಂಡೌ ಇನ್ನೊಂದು ಮಾತನ್ನು ಹೇಳಿ ಕೈಬಿಟ್ಟರು. ಕ್ಷೇತ್ರ ಹೆಚ್ಚುತ್ತ ಹೋದಂತೆ ಪಂಕ್ತಿಗಳು ಒಂದೊಂದಾಗಿ ಖಾಲಿಯಾಗುವುದರಿಂದ ಲೋಹದ ಕಾಂತತೆ ಏರಿಳಿಯಬೇಕು, ಆದರೆ ಪ್ರಯೋಗಾಲಯದ ಕಾಂತಕ್ಷೇತ್ರ ಅಷ್ಟು ಸಮನಾಗಿ ಇರುವುದಿಲ್ಲವಾದ್ದರಿಂದ ಅದು ಕಾಣಿಸದು ಎಂದು ಅವರು ಭಾವಿಸಿದರು. ಆದರೆ ಅದೇ 1930ರಲ್ಲಿ ಲೈಡನ್‌ನಲ್ಲಿ ಅದು ಕಾಣಿಸಿತು. ಲೆನಿನ್‌ಗ್ರಾಡಿನಿಂದ ಬಂದಿದ್ದ ಲೆವ್ ಶುಬ್ನಿಕೊವ್ ಬಹಳ ಶುದ್ಧವಾದ ಬಿಸ್ಮತ್ ಹರಳುಗಳನ್ನು ಬೆಳೆಸಿದರು. ಅವರೂ ವಾಂಡರ್ ಡಿ ಹಾಸ್‌ರೂ ಸೇರಿ ಕೊರೆಯುವ ಚಳಿಯಲ್ಲಿ ಆ ಹರಳಿನ ವಿದ್ಯುತ್ ರೋಧ ಏರಿಳಿಯುವುದನ್ನು ದಾಖಲಿಸಿದರು. ಡಿ ಹಾಸ್ ಮತ್ತು ವಾನ್ ಆಲ್ಫೆನ್ ಕಾಂತತೆಯಲ್ಲೂ ಅದೇ ಏರಿಳಿತ ಕಂಡರು. ಇದು ಲಾಂಡೌ ಮಟ್ಟಗಳ ಕೆಲಸ ಎಂದು ರುಡಾಲ್ಫ್ ಪಯರ್ಲ್ಸ್ 1933ರಲ್ಲಿ ತೋರಿಸಿಕೊಟ್ಟರು.

ಆಮೇಲೆ ಬಂದದ್ದು ಕರಾಳ ಕಾಲ. ಶುಬ್ನಿಕೊವ್ ಸೋವಿಯತ್ ದೇಶಕ್ಕೆ ಮರಳಿ ಖಾರ್ಕೊವ್‌ನಲ್ಲಿ ಹಿಮಶೀತ ಪ್ರಯೋಗಾಲಯ ಕಟ್ಟಿದ್ದರು. 1937ರ ಆಗಸ್ಟ್‌ನಲ್ಲಿ ಅವರ ಬಂಧನವಾಯಿತು, ನವೆಂಬರ್‌ನಲ್ಲಿ ಗುಂಡಿಕ್ಕಿದರು. ಆಗ ಅವರಿಗೆ 36 ವರ್ಷ. ಬ್ರಾನ್‌ಸ್ಟೈನ್‌ರನ್ನು 1938ರ ಫೆಬ್ರವರಿಯಲ್ಲಿ ಕೊಂದರು, ವಯಸ್ಸು 31. ಫೋಕ್ 1937ರಲ್ಲಿ ಬಂಧನಕ್ಕೊಳಗಾದರೂ ಕಪಿಟ್ಸಾ ಸ್ಟಾಲಿನ್‌ಗೆ ಬರೆದ ಪತ್ರದಿಂದಾಗಿ ಕೆಲವೇ ದಿನಗಳಲ್ಲಿ ಹೊರಬಂದರು. ಲಾಂಡೌ 1938ರ ಏಪ್ರಿಲ್‌ನಲ್ಲಿ ಸೆರೆಯಾದರು. ಒಂದು ವರ್ಷ ಸೆರೆಮನೆಯಲ್ಲಿ ಸವೆದ ಮೇಲೆ, ಮತ್ತೆ ಕಪಿಟ್ಸಾ ತಾವೇ ಹೊಣೆ ಹೊತ್ತು ಬಿಡಿಸಿಕೊಂಡರು. ಒಂದೇ ಲೆಕ್ಕದ ಸುತ್ತ ಕೂಡಿದ್ದ ಗೆಳೆಯರ ಬಳಗ ಹತ್ತೇ ವರ್ಷದೊಳಗೆ ಹೀಗೆ ಛಿದ್ರವಾಯಿತು. ಭೌತಶಾಸ್ತ್ರದ ಪಠ್ಯಗಳಲ್ಲಿ ಶುಬ್ನಿಕೊವ್–ಡಿ ಹಾಸ್ ಪರಿಣಾಮ ಎಂದು ಓದುವ ಎಷ್ಟು ಮಂದಿಗೆ ಆ ಮೊದಲ ಹೆಸರಿನ ಕೊನೆ ಗೊತ್ತಿದೆಯೋ! ಗೊತ್ತಿರಬೇಕು.

ಲೆಕ್ಕಕ್ಕೆ ಬೇಕಾದ ಸಮತಲ ಬಂದದ್ದು ಟ್ರಾನ್ಸಿಸ್ಟರ್ ಉದ್ಯಮದಿಂದ. ಸಿಲಿಕಾನ್ ಮೇಲೆ ಆಕ್ಸೈಡಿನ ತೆಳು ಪದರ, ಅದರ ಮೇಲೆ ಲೋಹದ ಗೇಟು. ಗೇಟಿಗೆ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ಸಿಲಿಕಾನ್ ಮತ್ತು ಆಕ್ಸೈಡ್ ಕೂಡುವ ಗಡಿಗೆ ಬಂದು ಅಂಟಿಕೊಳ್ಳುತ್ತವೆ. ಅಕ್ಕಪಕ್ಕ ಓಡಾಡಬಲ್ಲವು, ಮೇಲೆ ಕೆಳಗೆ ಹೋಗಲಾರವು. 1966ರಲ್ಲಿ ಐಬಿಎಂನ ಫೌಲರ್, ಫಾಂಗ್, ಹೊವಾರ್ಡ್ ಮತ್ತು ಸ್ಟೈಲ್ಸ್ ಇಂಥ ಸಾಧನವನ್ನು ಕಾಂತಕ್ಷೇತ್ರದಲ್ಲಿಟ್ಟು ಗೇಟ್ ವೋಲ್ಟೇಜನ್ನು ಏರಿಸುತ್ತ ಹೋದಾಗ ಸಮಾನ ಅಂತರದ ಏರಿಳಿತಗಳು ಕಂಡವು. ಪಂಕ್ತಿಗಳು ಒಂದೊಂದಾಗಿ ತುಂಬುತ್ತಿದ್ದವು, ಪ್ರತಿಯೊಂದಕ್ಕೂ ಅಷ್ಟಷ್ಟೇ ಎಲೆಕ್ಟ್ರಾನುಗಳು. ಚಪ್ಪಟೆ ಲೋಕ ಸಿಕ್ಕಿತ್ತು.

ಇನ್ನು ಹಾಲ್ ಪರಿಣಾಮ. 1879ರಲ್ಲಿ ಬಾಲ್ಟಿಮೋರಿನ ವಿದ್ಯಾರ್ಥಿ ಎಡ್ವಿನ್ ಹಾಲ್ ಗಾಜಿಗೆ ಅಂಟಿಸಿದ ಚಿನ್ನದ ರೇಕಿನಲ್ಲಿ ವಿದ್ಯುತ್ ಹರಿಸಿ, ಕಾಂತಕ್ಷೇತ್ರದಲ್ಲಿ ಅದರ ಅಡ್ಡಕ್ಕೆ ಒಂದು ಪುಟ್ಟ ವೋಲ್ಟೇಜ್ ಹುಟ್ಟುವುದನ್ನು ಕಂಡಿದ್ದರು. ಈ ಅಡ್ಡ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಹಾಲ್ ರೋಧ ಸಿಗುತ್ತದೆ. ಅದು ಕ್ಷೇತ್ರಕ್ಕೆ ಅನುಗುಣವಾಗಿ ಏರುತ್ತದೆ, ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚಿದಷ್ಟೂ ಇಳಿಯುತ್ತದೆ. ಈಗ ಪಂಕ್ತಿಯ ಲೆಕ್ಕವನ್ನು ಇದಕ್ಕೆ ಕೂಡಿಸಿ. ನಾಲ್ಕು ಪಂಕ್ತಿಗಳು ಸರಿಯಾಗಿ ತುಂಬಿದ್ದರೆ ಎಲೆಕ್ಟ್ರಾನುಗಳ ಸಂಖ್ಯೆಯೂ ಕ್ಷೇತ್ರಕ್ಕೇ ಅನುಗುಣ. ಮೇಲಿನ ಕ್ಷೇತ್ರ ಕೆಳಗಿನ ಕ್ಷೇತ್ರವನ್ನು ಹೊಡೆದುಹಾಕುತ್ತದೆ. ಉಳಿಯುವುದು ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನ್ ಆವೇಶದ ವರ್ಗದಿಂದ ಭಾಗಿಸಿ, ಮತ್ತೆ ನಾಲ್ಕರಿಂದ ಭಾಗಿಸಿದ ಬೆಲೆ. ಅಷ್ಟೇ.

ಟೋಕಿಯೊದ ಆಂಡೊ, ಮಾತ್ಸುಮೊಟೊ ಮತ್ತು ಉಯೆಮುರಾ 1975ರಲ್ಲಿ ಇಂಥ ಮೌಲ್ಯಗಳನ್ನು ತಮ್ಮ ಸಿದ್ಧಾಂತದಲ್ಲಿ ಪಡೆದಿದ್ದರು. ಆದರೆ ಅವರದು ಅಂದಾಜು ಲೆಕ್ಕ. ಟೋಕಿಯೊದಲ್ಲೇ ಕವಾಜಿಯವರ ತಂಡದ ಪ್ರಯೋಗಗಳಲ್ಲಿ, ಎಂಗ್ಲೆರ್ಟ್ ಮತ್ತು ಫಾನ್ ಕ್ಲಿಟ್ಸಿಂಗ್ 1978ರಲ್ಲಿ ಪ್ರಕಟಿಸಿದ ನಕ್ಷೆಗಳಲ್ಲಿ ಹಾಲ್ ರೋಧ ಅಲ್ಲಲ್ಲಿ ಮಟ್ಟಸವಾಗಿ ನಿಲ್ಲುವುದು ಕಾಣುತ್ತದೆ. ಹಾಗಾದರೆ ಮೊದಲು ಕಂಡವರು ಯಾರು ಎಂಬ ತಕರಾರು ಇಂದಿಗೂ ಆಗಾಗ ಏಳುತ್ತದೆ. ಮಟ್ಟಸವನ್ನು ಹಲವರು ಕಂಡಿದ್ದರು. ಅದರ ಬೆಲೆ ಎಷ್ಟು ಎಂದು ಪಟ್ಟಾಗಿ ಅಳೆದು ನೋಡಿದವರು ಒಬ್ಬರೇ.

1980ರ ಫೆಬ್ರವರಿ 5, ನಸುಕಿನ ಎರಡು ಗಂಟೆ. ಫ್ರಾನ್ಸಿನ ಗ್ರೆನೋಬಲ್‌ನ ಪ್ರಬಲ ಕಾಂತಕ್ಷೇತ್ರ ಪ್ರಯೋಗಾಲಯದಲ್ಲಿ ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಸಿಲಿಕಾನ್ ಸಾಧನವೊಂದನ್ನು ದ್ರವ ಹೀಲಿಯಂನ ಚಳಿಯಲ್ಲಿ, 18 ಟೆಸ್ಲಾದಂಥ ಕ್ಷೇತ್ರದಲ್ಲಿ ಇಟ್ಟಿದ್ದರು. ಸಾಧನಗಳನ್ನು ಒದಗಿಸಿದವರು ಸೀಮೆನ್ಸ್‌ನ ಗೆರ್ಹಾರ್ಡ್ ಡೋರ್ಡಾ ಮತ್ತು ಕೇಂಬ್ರಿಡ್ಜ್‌ನ ಮೈಕೆಲ್ ಪೆಪ್ಪರ್. ಬೇರೆಬೇರೆ ಸಾಧನಗಳು, ಬೇರೆಬೇರೆ ಆಕಾರ, ಆದರೆ ಮಟ್ಟಸವಾದ ಭಾಗದ ಬೆಲೆ ಮಾತ್ರ ಪ್ರತಿ ಸಲವೂ ಅದೇ. ನಾಲ್ಕು ಪಂಕ್ತಿ ತುಂಬಿದಲ್ಲಿ ಸುಮಾರು 6,453 ಓಮ್. ಅದನ್ನು ನಾಲ್ಕರಿಂದ ಗುಣಿಸಿದರೆ 25,813. ಪ್ಲಾಂಕ್ ಸ್ಥಿರಾಂಕವನ್ನು ಆವೇಶದ ವರ್ಗದಿಂದ ಭಾಗಿಸಿದರೂ 25,813. ಇದು ಸಿಲಿಕಾನಿನ ಗುಣವಲ್ಲ, ಪ್ರಕೃತಿಯ ಮೂಲ ಸಂಖ್ಯೆ ಎಂದು ಅವರಿಗೆ ಹೊಳೆದದ್ದು ಆಗ. ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆಗೆ ಫೋನ್ ಮಾಡಿ ಇಂಥದ್ದೊಂದು ಸಿಕ್ಕಿದರೆ ನಿಮಗೆ ಆಸಕ್ತಿ ಇದೆಯೇ ಎಂದು ಅವರು ವಿಚಾರಿಸಿದರು. ಆದರೂ ರೋಧದ ಹೊಸ ಮಾನದಂಡ ಎಂಬ ತಲೆಬರಹದ ಲೇಖನ ಮೊದಲು ತಿರಸ್ಕೃತವಾಯಿತು. ಇನ್ನಷ್ಟು ನಿಖರವಾದ ರೋಧಮಾನ ಆಗ ಯಾರಿಗೂ ಬೇಕಿರಲಿಲ್ಲ, ಮೂಲಭೂತ ಸ್ಥಿರಾಂಕವೊಂದರ ಉತ್ತಮ ಬೆಲೆ ಬೇಕಿತ್ತು. ತಲೆಬರಹ ಬದಲಾಗಿ ಆಗಸ್ಟ್‌ನಲ್ಲಿ ಲೇಖನ ಅಚ್ಚಾಯಿತು. 1985ರಲ್ಲಿ ನೊಬೆಲ್ ಬಂತು.

ಈಗ ನಿಜವಾದ ಒಗಟು. ಲಾಂಡೌ ಲೆಕ್ಕ ನಿಖರವಾಗಿರುವುದು ಪರಿಶುದ್ಧ ಸಮತಲದಲ್ಲಿ. ಗ್ರೆನೋಬಲ್‌ನ ಸಿಲಿಕಾನ್ ಪರಿಶುದ್ಧವಾಗಿರಲಿಲ್ಲ. ಕಲ್ಮಶಗಳಿದ್ದವು, ಗಡಿ ಒರಟಾಗಿತ್ತು, ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುತ್ತಿದ್ದವು. ನಿಖರ ಪರಿಹಾರದ ಒಂದು ಷರತ್ತೂ ಅಲ್ಲಿ ಪಾಲನೆಯಾಗಿರಲಿಲ್ಲ, ಉತ್ತರ ಮಾತ್ರ ನಿಖರ! ಮುಂದಿನ ವರ್ಷಗಳ ಅಳತೆಗಳಲ್ಲಿ ಈ ನಿಖರತೆ ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟಕ್ಕೆ ಮುಟ್ಟಿತು. ಇನ್ನೂ ಸೋಜಿಗವೆಂದರೆ, ಸಮತಲ ಪೂರ್ತಿ ಶುದ್ಧವಾಗಿದ್ದಿದ್ದರೆ ಮಟ್ಟಸವಾದ ಭಾಗವೇ ಕಾಣುತ್ತಿರಲಿಲ್ಲ, ಹಾಲ್ ರೋಧ ಒಂದೇ ನೇರ ಗೆರೆಯಾಗಿ ಏರುತ್ತಿತ್ತು. ಕಲ್ಮಶಗಳು ಹೆಚ್ಚುವರಿ ಎಲೆಕ್ಟ್ರಾನುಗಳನ್ನು ಅಲ್ಲಲ್ಲೇ ಕಟ್ಟಿಹಾಕುವುದರಿಂದಲೇ ಉಳಿದವು ಕ್ಷೇತ್ರದ ಸಣ್ಣಪುಟ್ಟ ಬದಲಾವಣೆಗೆ ಅಲುಗದೆ ನಿಲ್ಲುತ್ತವೆ.

ಕಾರಣವನ್ನು ಮೊದಲು ಹಿಡಿದವರಲ್ಲಿ ಒಬ್ಬರು ಬೆಲ್ ಪ್ರಯೋಗಾಲಯದ ರಾಬರ್ಟ್ ಲಾಫ್ಲಿನ್. 1981ರಲ್ಲಿ ಅವರು ಎಲೆಕ್ಟ್ರಾನುಗಳ ಚಪ್ಪಟೆ ಪದರದ ಒಂದು ಪಟ್ಟಿಯನ್ನು ಮನಸ್ಸಿನಲ್ಲೇ ಬಾಗಿಸಿ ಬಳೆಯಾಗಿಸಿದರು. ಬಳೆಯೊಳಗೆ ಕಾಂತಪ್ರವಾಹದ ಒಂದು ಕ್ವಾಂಟಂ, ಎಂದರೆ ಕಾಂತಕ್ಷೇತ್ರದ ಒಂದು ನಿಗದಿತ ಕಂತೆ, ತೂರಿಸಿದರೆ ಒಳಗಿನ ಸ್ಥಿತಿ ಮತ್ತೆ ಮೊದಲಿನಂತೆಯೇ ಆಗಬೇಕು. ಆ ನಡುವೆ ಒಂದಂಚಿನಿಂದ ಇನ್ನೊಂದಂಚಿಗೆ ದಾಟಿದ ಎಲೆಕ್ಟ್ರಾನುಗಳು ಒಂದೋ ಎರಡೋ ಮೂರೋ ಇರಬೇಕೇ ಹೊರತು ಒಂದೂವರೆ ಇರಲಾರವು. ಮರುವರ್ಷ ಬರ್ಟ್ರಾಂಡ್ ಹಾಲ್ಪೆರಿನ್ ಪ್ರವಾಹ ಹರಿಯುವ ಅಂಚುಗಳನ್ನು ಗುರುತಿಸಿದರು. ಅವು ಬೋರ್ ಪ್ರಬಂಧದ ಗೋಡೆಯ ಬದಿಯಲ್ಲಿ ಪುಟಿಯುವ ಎಲೆಕ್ಟ್ರಾನುಗಳೇ. ಒಂದೇ ದಿಕ್ಕಿಗೆ ಹೋಗಬಲ್ಲವಾದ್ದರಿಂದ ಕಲ್ಮಶಕ್ಕೆ ಬಡಿದರೂ ಹಿಂದಕ್ಕೆ ತಿರುಗಲಾರವು. ಅದೇ 1982ರಲ್ಲಿ ಡೇವಿಡ್ ಥೌಲೆಸ್, ಕೊಹ್ಮೊಟೊ, ನೈಟಿಂಗೇಲ್ ಮತ್ತು ಡೆನ್ ನೈಸ್ ಆ ಪೂರ್ಣಾಂಕ ಗಣಿತದ ಸ್ಥಳಶಾಸ್ತ್ರದಿಂದ, ಎಂದರೆ ಟೋಪಾಲಜಿಯಿಂದ, ಬರುತ್ತದೆ ಎಂದು ತೋರಿಸಿದರು. ಪ್ರವಾಹ ನಿಜಕ್ಕೂ ಅಂಚಿನಲ್ಲಿ ಹರಿಯುತ್ತದೋ ಒಡಲಲ್ಲೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ಎರಡೂ ಒಂದೇ ಸತ್ಯದ ಎರಡು ಬದಿ ಎಂಬ ಕಡೆಗೆ ಈಗ ಹೆಚ್ಚಿನವರ ಒಲವಿದೆ. ಥೌಲೆಸ್‌ಗೆ 2016ರಲ್ಲಿ ನೊಬೆಲ್ ಬಂತು.

ಇಷ್ಟಕ್ಕೆ ಮುಗಿದಿದ್ದರೂ ದೊಡ್ಡ ಕಥೆಯೇ. ಆದರೆ 1981ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಂಐಟಿಯ ಕಾಂತಕ್ಷೇತ್ರ ಪ್ರಯೋಗಾಲಯದಲ್ಲಿ ಡೇನಿಯಲ್ ಟ್ಸುಯಿ ಮತ್ತು ಹಾರ್ಸ್ಟ್ ಸ್ಟೋರ್ಮರ್ ಇನ್ನೊಂದು ರಾತ್ರಿ ಜಾಗರಣೆ ಮಾಡಿದರು. ಆರ್ಥರ್ ಗೊಸಾರ್ಡ್ ಬೆಳೆಸಿಕೊಟ್ಟಿದ್ದ ಗ್ಯಾಲಿಯಂ ಆರ್ಸೆನೈಡ್ ಪದರ ಸಿಲಿಕಾನಿಗಿಂತ ಎಷ್ಟೋ ಪಾಲು ಶುದ್ಧ. ಅವರು ಹುಡುಕುತ್ತಿದ್ದದ್ದು ಎಲೆಕ್ಟ್ರಾನುಗಳೇ ಸಾಲಾಗಿ ನಿಂತು ಹರಳಾಗುವ ಸ್ಥಿತಿಯನ್ನು. ಬದಲಿಗೆ, ಮೊದಲ ಪಂಕ್ತಿ ಪೂರ್ತಿ ತುಂಬುವ ಜಾಗ ದಾಟಿ ಎಷ್ಟೋ ದೂರದಲ್ಲಿ, ಏನೂ ಇರಬಾರದ ಕಡೆ, ನಕ್ಷೆಯ ಗೆರೆ ಮತ್ತೆ ಮಟ್ಟಸವಾಗತೊಡಗಿತು. ಟ್ಸುಯಿ ಸೊನ್ನೆಯಿಂದ ಮೊದಲ ಪಂಕ್ತಿ ತುಂಬುವ ಬಿಂದುವಿನವರೆಗಿನ ದೂರವನ್ನು ಕಾಗದದ ಮೇಲೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಅದೇ ಅಳತೆಯನ್ನು ಮುಂದಕ್ಕೆ ಸರಿಸುತ್ತ ಹೋದರು. ಮೂರು ಸಲಕ್ಕೆ ಸರಿಹೋಯಿತು. ಮೂರನೆಯ ಒಂದು ಪಾಲು ಆವೇಶವುಳ್ಳ ಕ್ವಾರ್ಕುಗಳೇ ಎಂದು ತಮಾಷೆ ಮಾಡಿದರು. ಆ ತಮಾಷೆ ನಿಜಕ್ಕೆ ಬಹಳ ಹತ್ತಿರವಿತ್ತು.

ಲಾಂಡೌ ಪರಿಹಾರದಿಂದ ಇದಕ್ಕೆ ಉತ್ತರವಿಲ್ಲ. ಮೊದಲ ಪಂಕ್ತಿಯ ಮೂರರಲ್ಲಿ ಎರಡು ಪಾಲು ಎಲೆಗಳು ಖಾಲಿ. ಯಾವ ಎಲೆಯ ಮುಂದೆ ಯಾರು ಕೂತರೂ ಶಕ್ತಿ ಒಂದೇ, ಕೂರುವ ಬಗೆಗಳು ಎಣಿಸಲಾರದಷ್ಟು. ಯಾವುದು ನಿಜವಾಗುತ್ತದೆಂದು ತೀರ್ಮಾನಿಸುವುದು ಎಲೆಕ್ಟ್ರಾನುಗಳ ಪರಸ್ಪರ ತಳ್ಳಾಟ ಮಾತ್ರ. ಅದು ಬಿಡಿಸಲು ಬಾರದ ಲೆಕ್ಕ. ಲಿವರ್‌ಮೋರ್ ಪ್ರಯೋಗಾಲಯಕ್ಕೆ ಬಂದಿದ್ದ ಲಾಫ್ಲಿನ್ ಮೊದಲು ಮೂರೇ ಮೂರು ಎಲೆಕ್ಟ್ರಾನುಗಳನ್ನು ತೆಗೆದುಕೊಂಡು ಒಂದು ಪಂಕ್ತಿಯೊಳಗೆ ಅವುಗಳ ಲೆಕ್ಕ ಬಿಡಿಸಿದರು. ಅಲ್ಲಿ ಕಂಡ ಜಾಡು ಹಿಡಿದು 1983ರಲ್ಲಿ, ಎಷ್ಟೇ ಎಲೆಕ್ಟ್ರಾನುಗಳಿರಲಿ, ತರಂಗ ಫಲನ ಹೀಗಿರಬೇಕು ಎಂದು ಒಂದೇ ಸಾಲಿನಲ್ಲಿ ಊಹಿಸಿ ಬರೆದರು. ಪ್ರತಿ ಎಲೆಕ್ಟ್ರಾನಿನ ಜಾಗವನ್ನು ಒಂದು ಸಂಕೀರ್ಣ ಸಂಖ್ಯೆಯಾಗಿ ಬರೆಯಿರಿ. ಪ್ರತಿ ಜೋಡಿಯ ವ್ಯತ್ಯಾಸವನ್ನು ಘನಗೊಳಿಸಿ, ಎಲ್ಲವನ್ನೂ ಗುಣಿಸಿ, ದೂರ ಹೋದಂತೆ ಇಳಿಯುವ ಒಂದು ಅಂಶವನ್ನು ಸೇರಿಸಿ. ಘನವಾದ್ದರಿಂದ ಯಾವ ಎರಡು ಎಲೆಕ್ಟ್ರಾನುಗಳೂ ಹತ್ತಿರ ಸುಳಿಯುವುದಿಲ್ಲ. ಎರಡು ಎಲೆಕ್ಟ್ರಾನುಗಳು ಜಾಗ ಬದಲಿಸಿದರೆ ಚಿಹ್ನೆ ಬದಲಾಗಬೇಕಾದ್ದರಿಂದ ಘಾತ ಬೆಸವೇ ಆಗಿರಬೇಕು. ಆದ್ದರಿಂದ ಮೂರನೆಯ ಒಂದು, ಐದನೆಯ ಒಂದು. ಹೀಗೆ ದ್ರವದಂತೆ ವರ್ತಿಸುವ ಎಲೆಕ್ಟ್ರಾನುಗಳಲ್ಲಿ ಏಳುವ ಕಲಕುಗಳ ಆವೇಶ ಎಲೆಕ್ಟ್ರಾನಿನ ಸರಿಯಾಗಿ ಮೂರನೆಯ ಒಂದು ಪಾಲು. 1997ರಲ್ಲಿ ಫ್ರಾನ್ಸಿನ ಸಾಕ್ಲೆಯಲ್ಲೂ ಇಸ್ರೇಲಿನ ವೈಜ್ಮನ್ ಸಂಸ್ಥೆಯಲ್ಲೂ ಅದನ್ನು ಅಳೆದರು.

ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರದಲ್ಲಿ ಇಷ್ಟು ಚಿಕ್ಕದಾಗಿದ್ದು ಇಷ್ಟು ದೂರ ಮುಟ್ಟಿದ ಊಹೆ ನನಗೆ ಇನ್ನೊಂದು ಗೊತ್ತಿಲ್ಲ. ಆದರೆ ಅದು ನಿಖರ ಪರಿಹಾರವೇ? ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುವ ನಿಜವಾದ ಕೂಲಂಬ್ ಬಲಕ್ಕೆ ಅಲ್ಲ. ಕೆಲವೇ ಎಲೆಕ್ಟ್ರಾನುಗಳಿರುವಾಗ ಕಂಪ್ಯೂಟರ್ ಕೊಡುವ ಉತ್ತರಕ್ಕೆ ಶೇ. 99ಕ್ಕೂ ಹೆಚ್ಚು ಹೊಂದುತ್ತದೆ, ಅಷ್ಟೇ. ಡಂಕನ್ ಹಾಲ್ಡೇನ್ 1983ರಲ್ಲಿ ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಎಲೆಕ್ಟ್ರಾನುಗಳ ನಡುವಿನ ಬಲವನ್ನು ಬಹಳ ಹತ್ತಿರ ಬಂದಾಗ ಮಾತ್ರ ತಳ್ಳುವಂತೆ ಬದಲಿಸಿದರೆ, ಲಾಫ್ಲಿನ್ ಫಲನ ಆ ಲೆಕ್ಕದ ನಿಖರ ಉತ್ತರವೇ ಆಗುತ್ತದೆ. ನಿಜವಾದ ಬಲದ ಲೆಕ್ಕ ಎಷ್ಟು ಜಿಗುಟೆಂದರೆ, ಫೋಕ್‌ರ ಸಮತಲದಲ್ಲಿ ಎರಡೇ ಎಲೆಕ್ಟ್ರಾನುಗಳನ್ನಿಟ್ಟರೂ ಕೆಲವು ವಿಶೇಷ ಕ್ಷೇತ್ರ ಬಲಗಳಿಗೆ ಮಾತ್ರ ನಿಖರ ಉತ್ತರ ಬರೆಯಲಾಗುತ್ತದೆ. ಅದನ್ನು ಡ್ರೆಸ್ಡೆನ್‌ನ ಮಾನ್‌ಫ್ರೆಡ್ ಟೌಟ್ 1990ರ ದಶಕದಲ್ಲಿ ತೋರಿಸಿದರು.

ಐದರಲ್ಲಿ ಎರಡು, ಏಳರಲ್ಲಿ ಮೂರು ಎಂದು ಇನ್ನೂ ಹಲವು ಭಿನ್ನರಾಶಿಗಳು ಬಂದವು. ಅವನ್ನೆಲ್ಲ ಒಂದೇ ಸೂತ್ರಕ್ಕೆ ತಂದವರು ರಾಜಸ್ಥಾನದ ಸಾಂಭರ್‌ನಲ್ಲಿ ಹುಟ್ಟಿದ ಜೈನೇಂದ್ರ ಜೈನ್. ಪ್ರತಿ ಎಲೆಕ್ಟ್ರಾನೂ ಕಾಂತಪ್ರವಾಹದ ಎರಡು ಕ್ವಾಂಟಂಗಳನ್ನು ತನಗೇ ಅಂಟಿಸಿಕೊಂಡು ಹೊಸ ಕಣವಾಗುತ್ತದೆ, ಆ ಹೊಸ ಕಣಗಳು ಲಾಂಡೌ ಪಂಕ್ತಿಗಳಲ್ಲೇ ಕೂರುತ್ತವೆ ಎಂದು 1989ರಲ್ಲಿ ಅವರು ಮುಂದಿಟ್ಟಾಗ ಅನುಮಾನಪಟ್ಟವರು ಬಹಳ. 2025ರ ವುಲ್ಫ್ ಪ್ರಶಸ್ತಿಯಲ್ಲಿ ಅವರೂ ಪಾಲುದಾರರು.

ಉಳಿದ ಎರಡು ಹಳೆಯ ಲೆಕ್ಕಗಳಿಗೂ ಮನೆ ಸಿಕ್ಕಿತು. 1996ರಲ್ಲಿ ಜಪಾನಿನ ಸೈಗೊ ತರುಚಾ ಮತ್ತು ಡೆಲ್ಫ್ಟ್‌ನ ಲಿಯೊ ಕೌವೆನ್‌ಹೊವೆನ್ ತಂಡ ಒಂದೊಂದೇ ಎಲೆಕ್ಟ್ರಾನನ್ನು ಸೇರಿಸಬಹುದಾದ ಕ್ವಾಂಟಂ ಚುಕ್ಕೆಯನ್ನು ಮಾಡಿತು. 2, 6, 12 ಎಲೆಕ್ಟ್ರಾನುಗಳಲ್ಲಿ ಕವಚಗಳು ತುಂಬಿದವು. ಫೋಕ್ 1928ರಲ್ಲಿ ಬರೆದ ಮಟ್ಟಗಳಿಂದ ಬರುವುದೂ ಅವೇ ಸಂಖ್ಯೆಗಳು. 2005ರಲ್ಲಿ ಮ್ಯಾಂಚೆಸ್ಟರ್ ಮತ್ತು ಕೊಲಂಬಿಯಾದ ತಂಡಗಳು ಒಂದೇ ಪರಮಾಣುವಿನಷ್ಟು ದಪ್ಪದ ಗ್ರಾಫೀನನ್ನು ಕಾಂತಕ್ಷೇತ್ರದಲ್ಲಿಟ್ಟಾಗ ಮೆಟ್ಟಿಲುಗಳ ಅಂತರ ಸಮನಾಗಿರಲಿಲ್ಲ, ವರ್ಗಮೂಲದಂತೆ ಕುಗ್ಗುತ್ತ ಹೋಗಿತ್ತು. ಡಿರಾಕ್ ಸಮೀಕರಣಕ್ಕೆ ರಾಬಿ ಬರೆದಿದ್ದ ಉತ್ತರದ ಚಹರೆ ಅದು. ಗ್ರಾಫೀನಿನಲ್ಲಿ ಎರಡೇ ವರ್ಷದೊಳಗೆ ಕೋಣೆಯ ಉಷ್ಣತೆಯಲ್ಲೂ ಹಾಲ್ ಮಟ್ಟಸ ಕಂಡಿತು. ಮಾಪನ ಸಂಸ್ಥೆಗಳು 1990ರಿಂದಲೇ 25,812.807 ಓಮ್ ಎಂಬ ಒಪ್ಪಿತ ಬೆಲೆಯನ್ನು ಬಳಸುತ್ತಿದ್ದವು. 2019ರ ಮೇ 20ರಂದು ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ಆವೇಶಗಳ ಬೆಲೆಯನ್ನೇ ಖಾಯಂ ಮಾಡಿದಾಗ ಈ ರೋಧದ ಬೆಲೆಯೂ ತಾನಾಗಿ ಸ್ಥಿರವಾಯಿತು. ಕಿಲೋಗ್ರಾಂ ಅನ್ನು ಪ್ಲಾಂಕ್ ಸ್ಥಿರಾಂಕದಿಂದ ಪಡೆಯುವ ಕಿಬ್ಬಲ್ ತಕ್ಕಡಿಯೂ ತನ್ನ ವಿದ್ಯುತ್ ಅಳತೆಗೆ ಇದನ್ನೇ ನಂಬಿದೆ.

ಅಂಚಿನ ಎಲೆಕ್ಟ್ರಾನುಗಳು ವಿದ್ಯುತ್ತನ್ನಷ್ಟೇ ಅಲ್ಲ, ಶಾಖವನ್ನೂ ಕ್ವಾಂಟಂ ಲೆಕ್ಕದಲ್ಲೇ ಹೊರುತ್ತವೆ. 2019ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಿಂದ್ಯ ದಾಸ್ ತಂಡ ಗ್ರಾಫೀನಿನಲ್ಲಿ ಈ ಶಾಖವಾಹಕತೆಯನ್ನು ಪೂರ್ಣಾಂಕದ ಮಟ್ಟಸಗಳಲ್ಲೂ ಭಿನ್ನರಾಶಿಯಲ್ಲೂ ಅಳೆದು ಪ್ರಕಟಿಸಿತು. ಈ ಅಳತೆಗೆ ಇಷ್ಟು ಬೆಲೆ ಬರಲು 1987ರಲ್ಲಿ ಕಂಡ ಐದರ ಅರ್ಧ ಎಂಬ ವಿಚಿತ್ರ ಭಿನ್ನರಾಶಿಯೂ ಒಂದು ಕಾರಣ. ಲಾಫ್ಲಿನ್ ನಿಯಮದ ಪ್ರಕಾರ ಛೇದದಲ್ಲಿ ಸಮಸಂಖ್ಯೆ ಬರಬಾರದು, ಇಲ್ಲಿ ಬಂದಿದೆ. ಗ್ರೆಗರಿ ಮೂರ್ ಮತ್ತು ನಿಕೊಲಸ್ ರೀಡ್ 1991ರಲ್ಲಿ ಅದಕ್ಕೂ ಒಂದು ತರಂಗ ಫಲನ ಬರೆದರು. ಅದರ ಕಲಕುಗಳು ಕ್ವಾಂಟಂ ಕಂಪ್ಯೂಟರಿಗೆ ಒದಗಬಹುದೆಂಬ ಆಸೆ ಅಲ್ಲಿಂದ ಹುಟ್ಟಿತು. ಅದರ ಶಾಖವಾಹಕತೆ ಇಷ್ಟಿರಬೇಕು ಎಂದು ಲೆಕ್ಕ ಹೇಳುತ್ತದೆ: ಮೂರ್–ರೀಡ್ ಸ್ಥಿತಿಯಾದರೆ ಮೂರೂವರೆ ಕ್ವಾಂಟಂ, ಅದರ ಕನ್ನಡಿಬಿಂಬದಂಥ ಸ್ಥಿತಿಯಾದರೆ ಒಂದೂವರೆ. ಕಂಪ್ಯೂಟರಿನ ಲೆಕ್ಕಗಳು ಇವೆರಡರಲ್ಲೊಂದರ ಕಡೆಗೇ ವಾಲುತ್ತವೆ. 2018ರಲ್ಲಿ ವೈಜ್ಮನ್ ಸಂಸ್ಥೆಯಲ್ಲಿ ಮಿತಾಲಿ ಬ್ಯಾನರ್ಜಿ ಮತ್ತು ಸಂಗಡಿಗರು ಅಳೆದಾಗ ಬಂದದ್ದು ಎರಡೂವರೆ. ಅಳತೆಯನ್ನು ಓದುವ ಬಗೆ ತಪ್ಪೇ, ಲೆಕ್ಕ ಕಲ್ಮಶವನ್ನು ಮರೆತಿದೆಯೇ, ಅಥವಾ ಅಲ್ಲಿರುವುದು ಮೂರನೆಯದೇ ಒಂದು ಸ್ಥಿತಿಯೇ ಎಂಬ ವಾದ ಆಗ ಶುರುವಾದದ್ದು ಇನ್ನೂ ಇತ್ಯರ್ಥವಾಗಿಲ್ಲ.